ದೂರದ ಬೆಟ್ಟ ನುಣ್ಣಗೆ, ಹತ್ತಿರ ಹೋದರೂ ನುಣ್ಣಗೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಐರ್ಲೆಂಡಿನ ವಾಯವ್ಯ ಮೂಲೆಯ ಫೋಟೋಗಳು ಬಂದಿದ್ದವು. ಹಸಿರು ಗುಡ್ಡ, ಬಿಳಿ ಮನೆ, ನೇರ ಕಡಲಿಗೆ ಇಳಿಯುವ ಬಂಡೆ. ಎರಡು ದಿನ ಬಿಟ್ಟು ಓದುಗರೊಬ್ಬರು ಇದೇ ಅಂಕಣಕ್ಕೆ ಬರೆದಿದ್ದರು. ನಮ್ಮ ಮಲೆನಾಡನ್ನೂ ಹಾಗೇ ಮಾಡಬೇಕು, ಕೊಡಚಾದ್ರಿಗೆ ರೋಪ್‌ವೇ ಹಾಕಬೇಕು, ಆಗುಂಬೆಯಲ್ಲಿ ಗಾಜಿನ ಸೇತುವೆ ಕಟ್ಟಬೇಕು, ಗುಡ್ಡದ ನೆತ್ತಿಯ ಗಿಡಗಂಟಿ ಸವರಿದರೆ ನೋಟ ಚೆನ್ನಾಗಿ ಸಿಗುತ್ತದೆ, ಆಗ ನಾವೂ ಐರ್ಲೆಂಡ್ ಆಗುತ್ತೇವೆ ಅಂತ. ಓದಿ ಸುಮ್ನೆ ಇರೋಣ ಅಂದುಕೊಂಡೆ. ಆಗಲಿಲ್ಲ. ಆ ಫೋಟೋದಲ್ಲಿರುವ ಜಾಗದಲ್ಲಿ ನಾನು ಮೂರು ತಿಂಗಳು ಇದ್ದು ಬಂದಿದ್ದೇನೆ.

ಪ್ರವಾಸಕ್ಕೆ ಅಂತ ಹೋದವನಲ್ಲ. ಮಗಳು ಡೊನೆಗಾಲ್ ಕೌಂಟಿಯ ಲೆಟರ್‌ಕೆನ್ನಿ ಅನ್ನುವ ಊರಲ್ಲಿ ನರ್ಸ್. ಅವಳ ಬಾಣಂತನಕ್ಕೆ ಹೆಂಡತಿ ಹೊರಟಳು, ಅವಳ ಲಗೇಜಿನ ಜೊತೆ ನಾನೂ ಒಂದು ಲಗೇಜು. ಏಪ್ರಿಲ್‌ನಿಂದ ಜೂನ್ ಕೊನೆವರೆಗೆ. ಅವಳಿಗೆ ಕೈತುಂಬ ಕೆಲಸ, ನನಗೆ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಏನೂ ಇಲ್ಲ. ಅಳಿಯ ಪಾಪ, ರಜೆ ಸಿಕ್ಕಾಗೆಲ್ಲ ಕಾರಲ್ಲಿ ಕೂರಿಸಿಕೊಂಡು ಸುತ್ತಿಸಿದ. ಡೊನೆಗಾಲ್ ಪೂರ್ತಿ, ಕೆಳಗೆ ಸ್ಲೈಗೊ, ಇನ್ನೂ ಕೆಳಗೆ ಮೇಯೊ. ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂತ ಇಟ್ಟುಕೊಳ್ಳಿ. ಡೊನೆಗಾಲ್ ಜಿಲ್ಲೆಯಲ್ಲಿ ಇವತ್ತು ಒಂದೇ ಒಂದು ರೈಲಿಲ್ಲ. ನಮ್ಮ ತಾಳಗುಪ್ಪಕ್ಕೆ ರೈಲು ಬರುತ್ತದೆ ಗೊತ್ತಾ ಅಂತ ಅಳಿಯನ ಹತ್ತಿರ ಸ್ವಲ್ಪ ಜಂಬ ಕೊಚ್ಚಿಕೊಂಡೆ.

ಮೊದಲು ಚಂದದ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತೀರಿ. ಚಂದ ಹೌದು. ನಿಮ್ಮ ಫೋಟೋದಲ್ಲಿದ್ದ ಬಂಡೆ ಸ್ಲೀವ್ ಲೀಗ್. ಬೆಟ್ಟವೇ ಅರ್ಧಕ್ಕೆ ಸೀಳಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಹಾಗಿದೆ. ನೀರಿನಿಂದ ನೆತ್ತಿಗೆ 601 ಮೀಟರ್. ನಮ್ಮ ಜೋಗ 253 ಮೀಟರ್. ಎರಡು ಜೋಗವನ್ನು ಒಂದರ ಮೇಲೊಂದು ನಿಲ್ಲಿಸಿದರೂ ನೆತ್ತಿ ಮುಟ್ಟುವುದಿಲ್ಲ. ನಾವು ಹೋದಾಗ ಎದುರಿಗೆ ಹಿಡಿದ ಕೈ ಕಾಣದಷ್ಟು ಮಂಜು. ಅಳಿಯನಿಗೆ ಬೇಜಾರು. ನನಗೆ ಏನೂ ಅನ್ನಿಸಲಿಲ್ಲ, ಸೂರ್ಯಾಸ್ತ ನೋಡಲು ಆಗುಂಬೆಗೆ ಹೋಗಿ ಬರೀ ಮಂಜು ನೋಡಿ ಬಂದವರ ಪೈಕಿ ನಾನು, ಎಷ್ಟು ಸಲವೋ. ಕಾಯೋಣ ಅಂದೆ. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಕೆಳಗಿಂದ ಗಾಳಿ ಎದ್ದು ಮಂಜನ್ನು ಕಂಬಳಿ ಸುತ್ತಿದ ಹಾಗೆ ಸುತ್ತಿಕೊಂಡು ಹೋಯಿತು. ಬಂಡೆಯಲ್ಲಿ ಕೆಂಪು, ಕಾವಿ, ತುಕ್ಕಿನ ಬಣ್ಣ, ನಡುವೆ ಹಸಿರು ಪಟ್ಟಿ. ಬುಡದಲ್ಲಿ ಅಲೆ ಒಡೆಯುವುದು ಕಾಣುತ್ತದೆ, ಸದ್ದು ಮಾತ್ರ ಅಷ್ಟು ಮೇಲಕ್ಕೆ ಸರಿಯಾಗಿ ಬರುವುದಿಲ್ಲ. ಕೊಲ್ಲಿಯ ಆಚೆ ದಡದಲ್ಲಿ ಸ್ಲೈಗೊದ ಬೆನ್ ಬುಲ್ಬೆನ್ ಬೆಟ್ಟ, ನೆತ್ತಿಯನ್ನು ಯಾರೋ ಕತ್ತಿಯಲ್ಲಿ ಸಮಮಾಡಿದ ಹಾಗೆ ಮೇಜಿನಂತೆ ನಿಂತಿದೆ. ಕವಿ ಯೇಟ್ಸ್ ಮಣ್ಣಾಗಿರುವುದು ಆ ಬೆಟ್ಟದ ಬುಡದಲ್ಲೇ, ಡ್ರಮ್‌ಕ್ಲಿಫ್ ಅನ್ನುವ ಹಳ್ಳಿಯ ಚರ್ಚಿನ ಅಂಗಳದಲ್ಲಿ. 1939ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡವರನ್ನು 1948ರಲ್ಲಿ ಊರಿಗೆ ತಂದು ಮಣ್ಣು ಮಾಡಿದರು. ಕುಪ್ಪಳಿಯ ಕವಿಶೈಲ ನೆನಪಾಯಿತು. ಬೆಟ್ಟ ನೋಡಿ ಬರೆದವರನ್ನು ಬೆಟ್ಟದ ಹತ್ತಿರವೇ ಇಡುವುದು ಎಲ್ಲ ಕಡೆಯೂ ಇದೆ ಅನ್ನಿ.

ಸ್ಲೀವ್ ಲೀಗ್‌ನ ಕಡಲಂಚಿನಲ್ಲಿ ನೆಲದ ಮೇಲೆ ಬಿಳಿ ಕಲ್ಲು ಜೋಡಿಸಿ ದೊಡ್ಡ ಅಕ್ಷರಗಳಲ್ಲಿ 'ಏರ' ಅಂತ ದೇಶದ ಹೆಸರು ಬರೆದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಐರ್ಲೆಂಡ್ ಯಾರ ಕಡೆಯೂ ಸೇರಿರಲಿಲ್ಲ. ಮೇಲೆ ಹಾರುವ ವಿಮಾನದವರಿಗೆ ಇದು ನಮ್ಮ ನೆಲ ಅಂತ ತಿಳಿಸಲು ಹಾಗೆ ಬರೆದರಂತೆ. ದ್ವೀಪದ ಉತ್ತರ ತುದಿ ಮಾಲಿನ್ ಹೆಡ್‌ನಲ್ಲೂ ಅದೇ ಕಲ್ಲಿನ ಬರಹ ಇದೆ. ಮಾಲಿನ್ ಹೆಡ್‌ನದ್ದೇ ಒಂದು ತಮಾಷೆ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಉಳಿದದ್ದನ್ನು ಜನ ದಕ್ಷಿಣ ಅನ್ನುತ್ತಾರೆ. ಆದರೆ ಇಡೀ ದ್ವೀಪದ ಉತ್ತರದ ತುದಿ ಇರುವುದು ಆ ದಕ್ಷಿಣದಲ್ಲೇ!

ಮಳೆ ವಿಷಯಕ್ಕೆ ಬಂದರೆ ಅವರು ನಮ್ಮ ಮುಂದೆ ಮಕ್ಕಳು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಅಲ್ಲಿಯ ಕರಾವಳಿಯಲ್ಲಿ 1,000ದಿಂದ 1,500. ಗುಡ್ಡದ ಮೇಲೆ ಇನ್ನಷ್ಟು ಜಾಸ್ತಿ. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅವರದು ಮುಗಿಯುವುದೇ ಇಲ್ಲ. ಪಶ್ಚಿಮದ ಕೆಲವು ಕಡೆ ವರ್ಷದಲ್ಲಿ 225 ದಿನ ಮಳೆ ದಿನಗಳಂತೆ. ಆರಿದ್ರಾ, ಪುನರ್ವಸು, ಪುಷ್ಯ ಅಂತ ಮಳೆಗೆ ಹೆಸರಿಡುವ ಕಷ್ಟವೇ ಇಲ್ಲ, ವರ್ಷವಿಡೀ ಒಂದೇ ಸೋನೆ. ನಮ್ಮ ಕಡೆಯ ಜಡಿಮಳೆಯ ಆರ್ಭಟ ಅಲ್ಲಿ ನನಗೆ ಕೇಳಲಿಲ್ಲ. ವರ್ಷವಿಡೀ ಹನಿಯುವುದಕ್ಕೇ ಹುಲ್ಲು ಒಣಗುವುದಿಲ್ಲ. ಉಂಬಳ ಇಲ್ಲವಲ್ಲ ಅಂತ ಖುಷಿಪಟ್ಟೆ, ಜೂನ್‌ನಲ್ಲಿ ಗಾಳಿ ನಿಂತ ಒಂದು ಸಂಜೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಬಂದು ಕಿವಿ ಕುತ್ತಿಗೆ ಎಲ್ಲ ತಿಂದಿತು. ಸಂಜೆ ಅಂದೆ, ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 10 ಗಂಟೆ ದಾಟಿದ ಮೇಲೆ. ಊಟ ಮಾಡಿ ಕೈ ತೊಳೆದು ಎಲೆಅಡಿಕೆ ಹಾಕಿಕೊಂಡರೂ ಹೊರಗೆ ಬಿಸಿಲು.

ಈಗ ವಿಷಯಕ್ಕೆ ಬರುತ್ತೇನೆ.

ಡೊನೆಗಾಲ್‌ನ ಎಲ್ಲಕ್ಕಿಂತ ಎತ್ತರದ ಬೆಟ್ಟ ಎರಿಗಲ್. 751 ಮೀಟರ್. ಆಗುಂಬೆ ಊರೇ 640 ಮೀಟರ್ ಮೇಲಿದೆ. ನಮ್ಮ ಕೊಡಚಾದ್ರಿ 1,343. ಇಡೀ ಐರ್ಲೆಂಡಿನಲ್ಲೇ ಕೊಡಚಾದ್ರಿಯಷ್ಟು ಎತ್ತರದ ಬೆಟ್ಟ ಇಲ್ಲ ಸ್ವಾಮಿ. ಆದರೂ ಎರಿಗಲ್ ಎದುರು ನಿಂತರೆ ಎದೆ ಝಲ್ ಅನ್ನುತ್ತದೆ. ಯಾಕೆ ಅಂತ ಎರಡು ದಿನ ಯೋಚಿಸಿದೆ. ಹೇಳಿದ್ದು ನನ್ನ ಹೆಂಡತಿ. ಮಗುವನ್ನು ಎತ್ತಿಕೊಂಡು ಮೊದಲ ಸಲ ಹೊರಗೆ ಬಂದವಳು ಆ ಬೆಟ್ಟ ನೋಡಿ, "ಇದೇನ್ರೀ, ಒಂದು ಮರ ಇಲ್ಲ, ಬೋಳು ತಲೆ ಇದ್ದ ಹಾಗಿದೆ" ಅಂದಳು. ಅಷ್ಟೇ ವಿಷಯ. ಬುಡದಿಂದ ತುದಿವರೆಗೆ ಬೆಟ್ಟದ ಮೈ ಪೂರ್ತಿ ಕಾಣುತ್ತದೆ. ಮುಚ್ಚುವುದಕ್ಕೆ ಏನೂ ಇಲ್ಲ. ನೆತ್ತಿಯಲ್ಲಿ ಬಿಳಿ ಸ್ಫಟಿಕದ ಕಲ್ಲುಪುಡಿ, ಸಂಜೆ ಬಿಸಿಲಿಗೆ ಗುಲಾಬಿ ಆಗುತ್ತದೆ. ಕೊಡಚಾದ್ರಿಯ ಮೈ ನಿಮಗೆ ಯಾವತ್ತಾದರೂ ಪೂರ್ತಿ ಕಂಡಿದೆಯೇ? ಕಾಡೊಳಗೆ ಹತ್ತಿ, ಕೊನೆಗೆ ಹುಲ್ಲಿನ ಬ್ಯಾಣಕ್ಕೆ ಬಂದ ಮೇಲೆಯೇ ಬೆಟ್ಟ ಹತ್ತಿದ್ದು ಗೊತ್ತಾಗುವುದು.

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಇದೆಯಲ್ಲ, ಅಲ್ಲಿ ಹತ್ತಿರ ಹೋದರೂ ನುಣ್ಣಗೆ. ಮತ್ತೆ ಅದು ಹುಟ್ಟಿದಾಗಿನಿಂದ ಹಾಗಿರಲಿಲ್ಲ. ಹಿಂದೆ ಐರ್ಲೆಂಡ್ ತುಂಬ ಕಾಡೇ ಇತ್ತು. ಸಾವಿರಾರು ವರ್ಷದ ಬೇಸಾಯ, ದನ ಕುರಿ, ಹಡಗಿಗೆ ಕುಲುಮೆಗೆ ಅಂತ ಕಡಿದದ್ದು, ಎಲ್ಲ ಸೇರಿ 20ನೇ ಶತಮಾನ ಶುರುವಾಗುವ ಹೊತ್ತಿಗೆ ಕಾಡು ನೂರಕ್ಕೆ ಒಂದು ಪಾಲು ಉಳಿದಿತ್ತು. ಈಗ ನೂರಕ್ಕೆ 11ರ ಹತ್ತಿರ ಬಂದಿದೆ, ಅದರಲ್ಲೂ ಬಹಳಷ್ಟು ಸಿಟ್ಕಾ ಸ್ಪ್ರೂಸ್ ಅನ್ನುವ ಅಮೆರಿಕದ ಮರ, ಸಾಲು ಸಾಲಾಗಿ ನೆಟ್ಟದ್ದು. ಒಳಗೆ ಹೋದರೆ ಕತ್ತಲೆ. ನೆಲದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ, ಹಕ್ಕಿ ಸದ್ದಿಲ್ಲ. ನಮ್ಮ ಅಕೇಶಿಯಾ ತೋಪಿನೊಳಗೆ ನಿಂತ ಹಾಗೇ ಆಯಿತು. ಗ್ಲೆನ್ವೇ ಅಂತ ಒಂದು ರಾಷ್ಟ್ರೀಯ ಉದ್ಯಾನ ಇದೆ, ಸರೋವರ, ಕೋಟೆಯಂಥ ಬಂಗಲೆ, ಕೆಂಪು ಜಿಂಕೆ, ನೋಡಲು ಸ್ವರ್ಗ. ಅಲ್ಲಿ ಬಂಗಲೆಯ ತೋಟಕ್ಕೆ ಅಂತ ನೆಟ್ಟ ರೊಡೊಡೆಂಡ್ರಾನ್ ಹೂವಿನ ಗಿಡ ಈಗ ಬೆಟ್ಟ ಪೂರ್ತಿ ಹಬ್ಬಿದೆ. ನೇರಳೆ ಹೂವು. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದರ ಕೆಳಗೆ ಬೇರೆ ಯಾವ ಸಸಿಯೂ ಏಳುವುದಿಲ್ಲ, ಎಲೆ ಕುರಿಗೆ ವಿಷ. ಕಡಿದಷ್ಟೂ ಚಿಗುರುತ್ತದೆ. ನಮ್ಮ ಲಂಟಾನ ಬಂದದ್ದೂ ಹೀಗೇ ತೋಟದ ಹೂವಾಗಿ, ಅಲ್ವಾ? ಅಲ್ಲೇ ಹೊನ್ನಹದ್ದುಗಳನ್ನು 2001ರಲ್ಲಿ ಸ್ಕಾಟ್ಲೆಂಡಿನಿಂದ ತಂದು ಬಿಟ್ಟಿದ್ದಾರೆ. ತಮ್ಮ ಹದ್ದನ್ನೆಲ್ಲ ಗುಂಡಿಟ್ಟು ವಿಷವಿಟ್ಟು ಮುಗಿಸಿ ನೂರು ವರ್ಷವಾಗುತ್ತ ಬಂದಾಗ ಪಕ್ಕದವರ ಹತ್ತಿರ ಮರಿ ಕೇಳಿಕೊಂಡು ಬರಬೇಕಾಯಿತು. ಗುಡ್ಡದ ನೆತ್ತಿ ಸವರೋಣ ಅಂದ ಓದುಗರು ಇದನ್ನು ಓದಿ ಸ್ವಲ್ಪ ಯೋಚನೆ ಮಾಡಲಿ.

ಮರ ಇಲ್ಲದಿದ್ದರೆ ಒಲೆಗೆ ಏನು? ಮಣ್ಣು! ನಿಜಕ್ಕೂ ಮಣ್ಣೇ. ಬಾಗ್ ಅನ್ನುತ್ತಾರೆ, ನೀರು ಕುಡಿದು ಉಬ್ಬಿದ ಕಪ್ಪು ನೆಲ, ಕಾಲಿಟ್ಟರೆ ಹಾಸಿಗೆಯ ಹಾಗೆ ಅದುಮುತ್ತದೆ. ಸತ್ತ ಪಾಚಿ, ಹುಲ್ಲು, ಬೇರು ಕೊಳೆಯದೆ ಒಂದರ ಮೇಲೊಂದು ಕೂತು ಆದದ್ದು. ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ಏಪ್ರಿಲ್ ಮೇ ತಿಂಗಳಲ್ಲಿ ಅದನ್ನು ಉದ್ದ ಗುದ್ದಲಿಯಲ್ಲಿ ಇಟ್ಟಿಗೆಯ ಹಾಗೆ ಕೊಯ್ದು, ಹರವಿ, ಆಮೇಲೆ ನಾಲ್ಕೈದನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ ಒಣಗಿಸುತ್ತಾರೆ. ಪಕ್ಕದ ಮನೆಯ ಮುದುಕರೊಬ್ಬರ ಜೊತೆ ನಾನೂ ಒಂದು ದಿನ ಹೋಗಿ ನಿಲ್ಲಿಸಿದೆ. ಬೆನ್ನು ಹೋಯಿತು. ಅವರು ನಕ್ಕು, ನಿಮ್ಮ ಕಡೆ ಒಲೆಗೆ ಏನು ಅಂತ ಕೇಳಿದರು. ಸೊಪ್ಪಿನ ಬೆಟ್ಟದ ವಿಷಯ ಹೇಳಿದೆ. ಅಡಿಕೆ ತೋಟಕ್ಕೆ ಇಷ್ಟು ಅಂತ ಬೆಟ್ಟ ಬಿಟ್ಟುಕೊಟ್ಟಿರುತ್ತಾರೆ, ಸೊಪ್ಪು ದರಗು ತರಬಹುದು, ನೆಲ ಮಾತ್ರ ನಮ್ಮದಲ್ಲ ಅಂತ. ಅವರಿಗೆ ತಟ್ಟನೆ ಅರ್ಥವಾಯಿತು. ಅಲ್ಲೂ ಹಾಗೇ, ಬಾಗ್ ಇನ್ನೊಬ್ಬರದಿದ್ದರೂ ಒಂದು ಪಟ್ಟಿಯಲ್ಲಿ ಕೊಯ್ಯುವ ಹಕ್ಕು ಮನೆತನಕ್ಕೆ ಇರುತ್ತದೆ. 2022ರಿಂದ ಮಾರುವುದಕ್ಕೆ ಕಡಿವಾಣ ಹಾಕಿದ್ದಾರೆ, ಸ್ವಂತಕ್ಕೆ ಕೊಯ್ದುಕೊಳ್ಳಬಹುದು. ಬಾಗ್ ಉಳಿದರೆ ನೀರು ಉಳಿಯುತ್ತದೆ, ಹೊಗೆಯೂ ಕಡಿಮೆ ಅಂತ ಸರ್ಕಾರ. ಚಳಿಗೆ ನೀವು ಬಂದು ಹೊದಿಸುತ್ತೀರಾ ಅಂತ ಮುದುಕರು. ಈ ಜಗಳ ಎಲ್ಲೋ ಕೇಳಿದ ಹಾಗಿದೆ ಅಂತ ನನಗೆ ನಗು ಬಂತು. ಅವರ ಅಡುಗೆಮನೆಯಲ್ಲಿ ಆ ಮಣ್ಣಿನ ಹೊಗೆಯ ವಾಸನೆ, ನಮ್ಮ ಬಚ್ಚಲ ಒಲೆಯ ವಾಸನೆಗೆ ದೂರದ ನೆಂಟ.

ಇನ್ನು ಜನರ ವಿಷಯ. ನಿಮ್ಮ ಫೋಟೋದಲ್ಲಿ ಜನ ಇರಲಿಲ್ಲ ಗಮನಿಸಿದಿರಾ? ಫೋಟೋ ತೆಗೆದವರು ಜನರನ್ನು ಬಿಟ್ಟಿದ್ದಲ್ಲ. ಇರುವುದೇ ಅಷ್ಟು ಜನ. ಡೊನೆಗಾಲ್ ಪೂರ್ತಿ 2022ರ ಜನಗಣತಿಯಲ್ಲಿ 1 ಲಕ್ಷ 67 ಸಾವಿರ. ನಮ್ಮ ಶಿವಮೊಗ್ಗ ಜಿಲ್ಲೆ 2011ರಲ್ಲೇ 17 ಲಕ್ಷ ದಾಟಿತ್ತು. 1841ರಲ್ಲಿ ಡೊನೆಗಾಲ್‌ನಲ್ಲಿ ಸುಮಾರು 3 ಲಕ್ಷ ಜನ ಇದ್ದರು. ಮೇಯೊದಲ್ಲಿ 3 ಲಕ್ಷ 88 ಸಾವಿರ ಇದ್ದದ್ದು ಈಗ 1 ಲಕ್ಷ 38 ಸಾವಿರದ ಹತ್ತಿರ. ನೂರಾ ಎಂಬತ್ತು ವರ್ಷದಲ್ಲಿ ಜನ ಕಡಿಮೆಯಾದ ಜಿಲ್ಲೆ ನೀವು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ.

ಮೇಯೊದಲ್ಲಿ ಆಕಿಲ್ ಅನ್ನುವ ದ್ವೀಪ ಇದೆ. ಸಣ್ಣ ಸೇತುವೆ ದಾಟಿದರೆ ಆಯಿತು. ಅಲ್ಲಿ ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಖಾಲಿ ಊರೊಂದಿದೆ. ಸುಮಾರು 80ರಿಂದ 100 ಕಲ್ಲಿನ ಮನೆ, ಒಂದಕ್ಕೂ ಸೂರಿಲ್ಲ, ಸಾಲಾಗಿ ಒಂದು ಮೈಲಿ ಉದ್ದಕ್ಕೆ. ಒಳಗೆ ಕುರಿ ಮೇಯುತ್ತಿವೆ. ಕುರಿಯ ಬೆನ್ನಿಗೆ ಯಾರದು ಅಂತ ಗುರುತಿಗೆ ನೀಲಿ ಕೆಂಪು ಬಣ್ಣ ಬಳಿದಿರುತ್ತಾರೆ. ಮನೆ ಮುಂದೆ ನೆಲದಲ್ಲಿ ಉದ್ದುದ್ದ ಏರಿಗಳು, ಆಲೂಗಡ್ಡೆ ಹಾಕುತ್ತಿದ್ದ ಸಾಲು. ಇವತ್ತಿಗೂ ಹುಲ್ಲಿನ ಕೆಳಗೆ ಎದ್ದು ಕಾಣುತ್ತವೆ. ಅಳಿಯ ಎಷ್ಟು ಚೆನ್ನಾಗಿದೆ ಅಲ್ವಾ ಮಾವ ಅಂದ. ನನಗೆ ಗಂಟಲು ಕಟ್ಟಿತು. ನಮ್ಮದು ಮುಳುಗಡೆ ಮನೆತನ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ನನಗೆ ನಾಲ್ಕು ವರ್ಷ. ಲಾರಿಯಲ್ಲಿ ಪಾತ್ರೆ, ದನದ ಗೂಟ, ಅಜ್ಜಿ, ಎಲ್ಲವನ್ನೂ ಒಟ್ಟಿಗೆ ಹೇರಿದ್ದು ಮಸುಕು ಮಸುಕಾಗಿ ನೆನಪು. ಆ ಹಿನ್ನೀರಿನ ಮುಂದೆ ನಿಂತು ಈಗ ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ತಪ್ಪು ಅಂತ ಹೇಳುತ್ತಿಲ್ಲ, ಚಂದ ಇರುವುದು ಚಂದವೇ. ಅಲ್ಲಿ ಆ ಸೂರಿಲ್ಲದ ಗೋಡೆಗಳ ನಡುವೆ ನಿಂತಾಗ ನಮ್ಮ ಊರನ್ನು ಹೊರಗಿನವರು ಹೇಗೆ ನೋಡುತ್ತಾರೆ ಅಂತ ಮೊದಲ ಸಲ ತಿಳಿಯಿತು.

ಆ ಸೀಮೆ ಇಷ್ಟು ಖಾಲಿಯಾದದ್ದು ಹೇಗೆ ಅಂತ ಕೇಳಿದರೆ ಅಡಿಕೆಯವರಿಗೆ ಮೈ ನಡುಗುತ್ತದೆ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಂತು. ತಂದದ್ದು ಫೈಟಾಫ್ತೊರಾ ಅನ್ನುವ ಬೂಸಿನಂಥ ಸೂಕ್ಷ್ಮಜೀವಿ. ಹೆಸರು ಕೇಳಿದ ಹಾಗಿದೆಯೇ? ನಮ್ಮ ಅಡಿಕೆ ಕೊಳೆರೋಗ ತರುವುದೂ ಅದೇ ಕುಲದ್ದು, ಜಾತಿ ಬೇರೆ. ತಂಪು, ಮೋಡ, ಬಿಡದ ಮಳೆ ಸಿಕ್ಕರೆ ಎರಡಕ್ಕೂ ಹಬ್ಬ. ಅಲ್ಲಿಯ ಬಡವರು ಮೂರು ಹೊತ್ತೂ ಆಲೂಗಡ್ಡೆಯನ್ನೇ ನಂಬಿದ್ದರು. ಏಳು ವರ್ಷದ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷ ಜನ ಹಡಗು ಹತ್ತಿ ಹೋದರು. ಆ ಹೊತ್ತಲ್ಲೂ ದೇಶದಿಂದ ಧಾನ್ಯ, ದನ ಹೊರಗೆ ಹೋಗುತ್ತಲೇ ಇತ್ತು, ಗೇಣಿ ವಸೂಲಿಯೂ ನಿಲ್ಲಲಿಲ್ಲ. ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ತಿಳಿದದ್ದೇ 1880ರ ದಶಕದಲ್ಲಿ, ನಲವತ್ತು ವರ್ಷ ತಡವಾಗಿ. ಆಮೇಲೆ ಅದು ಐರ್ಲೆಂಡಿನ ಆಲೂಗಡ್ಡೆಗೂ ಬಂತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರಿಂದ ಆ ದ್ರಾವಣ ನಮ್ಮ ಅಡಿಕೆ ಗೊನೆಗೂ ಬಂತು. ನಾನು ಲೆಟರ್‌ಕೆನ್ನಿಯಲ್ಲಿ ಕೂತು ಜೂನ್ ಮೊದಲ ವಾರ ತಮ್ಮನಿಗೆ ದಿನಾ ಫೋನ್ ಮಾಡುತ್ತಿದ್ದೆ, ಮೊದಲ ಔಷಧಿ ಹೊಡೆದಾಯಿತಾ, ಮರ ಹತ್ತುವ ಕೊನೆಗಾರ ಬಂದನಾ ಅಂತ. ಒಂದು ಬೆಳೆ ನಂಬಿದವರ ಭಯ ಬೇರೆಯವರಿಗೆ ತಿಳಿಯುವುದಿಲ್ಲ.

ಬರದಲ್ಲಿ ಉಳಿದವರನ್ನೂ ಬಿಡಲಿಲ್ಲ. ಮೇಲೆ ಹೇಳಿದ ಗ್ಲೆನ್ವೇ, ಸ್ವರ್ಗ ಅಂದೆನಲ್ಲ, ಆ ಬಂಗಲೆ ಕಟ್ಟಿದವನು ಅಡೇರ್ ಅನ್ನುವ ಜಮೀನ್ದಾರ. 1861ರ ಏಪ್ರಿಲ್‌ನಲ್ಲಿ ಅವನು 244 ಜನರನ್ನು ಮನೆಯಿಂದ ಎಬ್ಬಿಸಿ ಗೋಡೆ ಕೆಡವಿಸಿದ. ಆಮೇಲೆ ಸರೋವರದ ದಂಡೆಯಲ್ಲಿ ತನಗೆ ಬಂಗಲೆ. ಇವತ್ತು ಪ್ರವಾಸಿಗಳು 'ಎಷ್ಟು ಶಾಂತವಾಗಿದೆ' ಅನ್ನುವ ಕಣಿವೆ ಶಾಂತವಾದದ್ದು ಹಾಗೆ. ಆದರೆ ಇದೇ ಸೀಮೆಯವರೇ ತಿರುಗಿಬಿದ್ದವರೂ ಹೌದು. 1879ರಲ್ಲಿ ಗೇಣಿದಾರರ ಸಂಘ, ಲ್ಯಾಂಡ್ ಲೀಗ್, ಶುರುವಾದದ್ದು ಮೇಯೊದಲ್ಲಿ. ಅದನ್ನು ಕಟ್ಟಿದ ಮೈಕೆಲ್ ಡೇವಿಟ್ ಮಗುವಾಗಿದ್ದಾಗ ಅವರ ಮನೆಯವರನ್ನೂ ಹೀಗೇ ಎಬ್ಬಿಸಿದ್ದರು. ಆಕಿಲ್‌ಗೆ ಹೋಗುವ ಸೇತುವೆಗೆ ಅವರದೇ ಹೆಸರು. ನಾವು ದಿನಾ ಹೇಳುವ ಬಾಯ್ಕಾಟ್ ಅನ್ನುವ ಮಾತು ಹುಟ್ಟಿದ್ದೂ ಅಲ್ಲೇ, 1880ರಲ್ಲಿ. ಬಾಯ್ಕಾಟ್ ಅನ್ನುವುದು ಒಬ್ಬ ಜಮೀನ್ದಾರಿ ಏಜೆಂಟನ ಹೆಸರು. ಅವನ ಹೊಲವನ್ನು ಊರವರು ಯಾರೂ ಕೊಯ್ಯಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಗೇಣಿದಾರರು ತಿರುಗಿಬಿದ್ದ ಕಾಗೋಡು ಸತ್ಯಾಗ್ರಹದ ಸೀಮೆಯವನು ನಾನು. 1951ರ ಆ ಕತೆಗಳನ್ನು ಅಪ್ಪನಿಂದ ಕೇಳಿ ಬೆಳೆದವನು. ಪಕ್ಕದ ಮನೆಯ ಮುದುಕರಿಗೆ ಅದನ್ನು ಹೇಳಿದಾಗ ಅವರು ಎದ್ದು ಕೈ ಕುಲುಕಿದರು.

ಭಾಷೆಯದೂ ಒಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಡೊನೆಗಾಲ್‌ನ ಪಶ್ಚಿಮದಲ್ಲಿ ಐರಿಶ್ ಮಾತಾಡುವ ಸೀಮೆ ಇದೆ. ಅಲ್ಲಿ ರಸ್ತೆಯ ಊರಹೆಸರಿನ ಫಲಕ ಐರಿಶ್‌ನಲ್ಲಿ ಮಾತ್ರ. ಅಳಿಯ ದಾರಿ ತಪ್ಪಿದ. ನನಗೆ ಖುಷಿಯಾಯಿತು. ಆದರೆ ಫಲಕದಲ್ಲಿ ಉಳಿದಷ್ಟು ಬಾಯಲ್ಲಿ ಉಳಿದಿಲ್ಲ, ಬರಗಾಲದಲ್ಲಿ ಸತ್ತವರು, ಹಡಗು ಹತ್ತಿದವರು ಜಾಸ್ತಿ ಆ ಭಾಷೆಯವರೇ. ನಮ್ಮ ಕುವೆಂಪು ಹುಡುಗನಾಗಿದ್ದಾಗ ಇಂಗ್ಲಿಷಲ್ಲಿ ಪದ್ಯ ಬರೆದು ಮೈಸೂರಿಗೆ ಬಂದಿದ್ದ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದ್ದು, ಅವರು ನಿನ್ನ ಭಾಷೆಯಲ್ಲಿ ಬರಿ ಅಂದದ್ದು ಎಲ್ಲರಿಗೂ ಗೊತ್ತು. ಆ ಮಾತು ಐರ್ಲೆಂಡಿನವರ ಬಾಯಿಂದಲೇ ಬಂದದ್ದು ಯಾಕೆ ಅಂತ ನನಗೆ ಆ ಫಲಕದ ಕೆಳಗೆ ನಿಂತಾಗ ಹೊಳೆಯಿತು.

ಹಾಗಾದರೆ ಅಲ್ಲಿಂದ ತರುವಂಥದ್ದು ಏನೂ ಇಲ್ಲವೇ ಅಂದರೆ, ಇದೆ. ಕಾಲುದಾರಿ.

ಮೇಯೊದಲ್ಲಿ ಕ್ರೋಕ್ ಪ್ಯಾಟ್ರಿಕ್ ಅನ್ನುವ ಬೆಟ್ಟ, 764 ಮೀಟರ್, ಅವರ ಯಾತ್ರೆಯ ಜಾಗ. ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ನೆತ್ತಿಯಲ್ಲಿ ಸಣ್ಣ ಗುಡಿಯಂಥ ಚರ್ಚು. ಜನ ಹತ್ತಿ ಹತ್ತಿ ಬೆಟ್ಟದ ಮೈ ಕಿತ್ತು ಹೋಗಿ, ಕಲ್ಲುಪುಡಿ ಜಾರಿ, ಕೈಕಾಲು ಮುರಿಯುತ್ತಿತ್ತು. ಏನು ಮಾಡಿದರು? ರಸ್ತೆ ಮಾಡಲಿಲ್ಲ, ರೋಪ್‌ವೇ ಹಾಕಲಿಲ್ಲ. ಕೆಲವೇ ಜನರ ತಂಡ ಒಂದು ಅದೇ ಬೆಟ್ಟದ ಕಲ್ಲು ಆರಿಸಿ, ಹೆಚ್ಚಿನದನ್ನು ಕೈಯಲ್ಲೇ, ವರ್ಷಗಟ್ಟಲೆ ಒಂದೊಂದಾಗಿ ಕೂರಿಸಿ ಮೆಟ್ಟಿಲು ಮಾಡಿತು. ಕೆಳಗಿಂದ ನೋಡಿದರೆ ದಾರಿ ಇದೆ ಅಂತ ಅಷ್ಟಾಗಿ ಎದ್ದು ಕಾಣುವುದಿಲ್ಲ. ಎರಿಗಲ್‌ಗೂ ಹಾಗೇ, ಕೆಸರು ಕಿತ್ತುಹೋಗಿ ಅಗಲವಾಗಿದ್ದ ಜಾಗದಲ್ಲಿ ಈಚೆಗೆ ಕಲ್ಲಿನ ದಾರಿ ಮಾಡಿದ್ದಾರೆ. ನನ್ನ 64ರ ಮಂಡಿಗೂ ಅರ್ಧದವರೆಗೆ ಹತ್ತಲಾಯಿತು. ಸ್ಲೀವ್ ಲೀಗ್‌ನಲ್ಲಿ ಸೀಸನ್ ಇದ್ದಾಗ ಕಾರು ಕೆಳಗೇ ನಿಲ್ಲಿಸಬೇಕು, ನಡೆಯಬೇಕು, ಆಗದವರಿಗೆ ಸಣ್ಣ ಬಸ್ಸು. ಬಂಡೆಯ ತುದಿಯಲ್ಲಿ ಅಂಗಡಿ ಸಾಲಿಲ್ಲ, ಸ್ಪೀಕರ್ ಇಲ್ಲ, ಹೂಕುಂಡ ಇಟ್ಟು ಊರಹೆಸರನ್ನು ಸಿಮೆಂಟಿನಲ್ಲಿ ಬರೆದು ಬಣ್ಣ ಬಳಿದಿಲ್ಲ. ಹುಷಾರು ಅಂತ ಒಂದು ಫಲಕ. ಅಷ್ಟೇ. ಬಿದ್ದರೆ ನಿಮ್ಮ ಹಣೆಬರಹ.

ನಮ್ಮ ಕೊಡಚಾದ್ರಿಯ ಜೀಪು ದಾರಿ ನೋಡಿ. ಮಳೆಗಾಲ ಕಳೆದು ಹೋದರೆ ಹಳ್ಳವೋ ದಾರಿಯೋ ತಿಳಿಯುವುದಿಲ್ಲ. ಜೀಪಿನವರ ಹೊಟ್ಟೆಪಾಡು ಅದು, ಅವರನ್ನು ಬೈಯುವುದಿಲ್ಲ. ಆದರೆ ರೋಪ್‌ವೇಗೆ ಸುರಿಯುವ ದುಡ್ಡಲ್ಲಿ, ಆ ಕೈಗಳಿಗೇ ಕೆಲಸ ಕೊಟ್ಟು, ನಮ್ಮ ಜಂಬಿಟ್ಟಿಗೆ ಕಲ್ಲು, ಕರಿಕಲ್ಲು ಕೂರಿಸಿ ಒಳ್ಳೆ ಕಾಲುದಾರಿ ಮಾಡಲು ಆಗುವುದಿಲ್ಲವೇ? ಹಿಂದೆ ಘಟ್ಟ ಇಳಿಯಲು ಎತ್ತಿನ ದಾರಿಗಳನ್ನು ಹಾಗೇ ಕಲ್ಲು ಹಾಸಿ ಕಟ್ಟಿದ್ದರಲ್ಲ. ನಮಗೆ ಗೊತ್ತಿದ್ದ ಕೆಲಸವೇ ಅದು.

ಅವರದೆಲ್ಲ ಸರಿ ಅಂತ ತಿಳಿಯಬೇಡಿ. 2020ರ ನವೆಂಬರ್‌ನಲ್ಲಿ ಡೊನೆಗಾಲ್‌ನ ಮೀನ್‌ಬಾಗ್ ಅನ್ನುವಲ್ಲಿ ಗಾಳಿಯಂತ್ರ ನಿಲ್ಲಿಸಲು ಬೆಟ್ಟ ಅಗೆಯುತ್ತಿದ್ದಾಗ ಬಾಗ್ ಕುಸಿದು, ಮರಗಳನ್ನು ನಿಂತ ಹಾಗೇ ಹೊತ್ತುಕೊಂಡು ಇಳಿದು ನದಿ ಸೇರಿತು. ನಮ್ಮ ಕಡೆ ರಸ್ತೆ ಅಗಲ ಮಾಡಲು ದರೆ ಕಡಿದ ಮೇಲೆ ಮಳೆಗಾಲದಲ್ಲಿ ಆಗುವುದೇ ಅಲ್ಲೂ ಆಯಿತು. ನೀರು ಕುಡಿದು ನಿಂತ ಬೆಟ್ಟದ ಬುಡ ಅಗೆದರೆ ಯಾವ ದೇಶವಾದರೇನು. ಮತ್ತೆ 2014ರಲ್ಲಿ ವೈಲ್ಡ್ ಅಟ್ಲಾಂಟಿಕ್ ವೇ ಅಂತ ಡೊನೆಗಾಲ್‌ನಿಂದ ದಕ್ಷಿಣದ ಕಾರ್ಕ್‌ವರೆಗೆ 2,500 ಕಿಲೋಮೀಟರ್ ಕಡಲಂಚಿನ ದಾರಿಗೆ ಒಂದೇ ಹೆಸರು ಕೊಟ್ಟರು. ಹೊಸ ರಸ್ತೆ ಹಾಕಲಿಲ್ಲ, ಇದ್ದ ಹಳ್ಳಿ ರಸ್ತೆಗೆ ಅಲೆಯ ಗುರುತಿನ ಫಲಕ ನೆಟ್ಟರು ಅಷ್ಟೇ. ಜನ ಬಂದರು. ಬೇಸಿಗೆಯಲ್ಲಿ ಕಿರಿದಾದ ರಸ್ತೆಯಲ್ಲಿ ಕ್ಯಾಂಪರ್ ವ್ಯಾನು ಸಿಕ್ಕಿಕೊಂಡು ಟ್ರ್ಯಾಕ್ಟರಿನವರು ಬೈಯುವುದನ್ನು ನಾನೇ ನೋಡಿದೆ, ಐರಿಶ್‌ನಲ್ಲಿ ಬೈದರೂ ಅರ್ಥವಾಗುತ್ತದೆ.

ನಮ್ಮ ಹಿನ್ನೀರಿನ ಆಚೆಯ ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆ ಆಯಿತು. ಲಾಂಚಿಗೆ ಕಾದು ಕಾದು, ಹೆರಿಗೆ ಅಂತ ಹೊರಟವರು ದಡದಲ್ಲೇ ಒದ್ದಾಡಿದ್ದನ್ನು ಕಂಡ ನಮಗೆ ಅದು ಅರವತ್ತು ವರ್ಷದ ಸಾಲ ತೀರಿದ ಹಾಗೆ. ಅದು ಬೇಕಿತ್ತು. ಗಾಜಿನ ಸೇತುವೆ ಯಾರಿಗೆ ಬೇಕಿದೆ ಅಂತ ಆ ಓದುಗರನ್ನೇ ಕೇಳುತ್ತೇನೆ.

ಅವರಿಗೆ ಇನ್ನೂ ಒಂದು ಕರೆ ಇದೆ. ಬರುವ ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ನಮ್ಮಲ್ಲಿಗೆ ಬನ್ನಿ. ನೀರು ಚೆನ್ನಾಗಿ ಇಳಿದ ವರ್ಷ ನಮ್ಮ ಹಳೇ ಮನೆಯ ಬಾವಿಕಟ್ಟೆ, ತುಳಸಿಕಟ್ಟೆಯ ಅಡಿಪಾಯ, ಗದ್ದೆಯ ಬದು ಎಲ್ಲ ಕೆಸರಿಂದ ಎದ್ದು ಕಾಣುತ್ತದೆ. ಸುತ್ತ ಒಂದು ಮರ ಇಲ್ಲ, ಬೋಳು, ನುಣ್ಣಗೆ, ಆಚೆಗೆ ನೀಲಿ ನೀರು. ಥೇಟ್ ಆ ಫೋಟೋದ ಹಾಗೇ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ, ಕೊನೆಯ ಎರಡು ಮೈಲಿ ಜೀಪು ಹೋಗುವುದಿಲ್ಲ.

ಇಂತಿ,
ಮುಳುಗಡೆ ಊರಿನ ಒಬ್ಬ ಅಡಿಕೆ ಬೆಳೆಗಾರ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ